ಬೇರಿಗಿಟ್ಟ ಹೆಸರು

ಪಿಯೊನಿ ಹೂವನ್ನು ಕನ್ನಡ ನಾಡಿನಲ್ಲಿ ಗಿಡದ ಮೇಲೆ ಕಂಡವರು ವಿರಳ. ಚೀನೀ ಪಿಂಗಾಣಿಯ ಮೇಲೆ, ರೇಷ್ಮೆಯ ಕಸೂತಿಯಲ್ಲಿ, ಈಚೆಗೆ ದುಬಾರಿ ಮದುವೆ ಮಂಟಪಗಳ ಅಲಂಕಾರದಲ್ಲಿ ಅದನ್ನು ನೋಡಿರುತ್ತೇವೆ. ಚಳಿಗಾಲದಲ್ಲಿ ಹಲವು ವಾರ ಕೊರೆಯುವ ಚಳಿ ತಾಗದಿದ್ದರೆ ಆ ಗಿಡ ಮೊಗ್ಗು ಬಿಡುವುದಿಲ್ಲ. ಆದ್ದರಿಂದ ಅದು ನಮ್ಮ ಹಿತ್ತಿಲಿಗೆ ಬರಲಿಲ್ಲ, ಅದಕ್ಕೊಂದು ಕನ್ನಡದ ಹೆಸರೂ ಹುಟ್ಟಲಿಲ್ಲ. ಹೀಗಿದ್ದೂ ಆ ಹೆಸರಿನ ಮನೆತನದ ಒಂದು ಕವಲು ಬೆಂಗಳೂರಿನ ಯುನಾನಿ ಔಷಧದಂಗಡಿಯವರೆಗೆ ಬಂದಿದೆ. ಇನ್ನೊಂದು ಕವಲಿನಲ್ಲಿ ನಾವು ದಿನವೂ ಆಡುವ ‘ಹಿಮ’ ಅಡಗಿದೆ.

ಈ ಗಿಡಕ್ಕೆ ನಾಲ್ಕಾರು ದೇಶಗಳವರು ಇಟ್ಟ ಹೆಸರುಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ನನಗೆ ಒಂದು ಸಂಗತಿ ಎದ್ದು ಕಂಡಿತು. ಇಂದು ನಾವು ಹೂವಿಗಾಗಿ ಹಂಬಲಿಸುವ ಈ ಗಿಡದ ಹಳೆಯ ಹೆಸರುಗಳಲ್ಲಿ ಹೂವಿನ ಸುಳಿವು ಕಡಿಮೆ. ಹೆಸರಿಟ್ಟವರ ಕಣ್ಣು ನೆಲದೊಳಗಿತ್ತು. ಅವರು ಹೆಸರಿಟ್ಟದ್ದು ಬೇರಿಗೆ.

ಮಾತಿನ ಮೊದಲ ಗುರುತು ಸಿಗುವುದು ಕ್ರೀಟ್ ದ್ವೀಪದ ಕ್ನೊಸೊಸ್ ಅರಮನೆಯ ಒಂದು ಮಣ್ಣಿನ ಹಲಗೆಯಲ್ಲಿ. ಕಾಲ ಸುಮಾರು ಕ್ರಿ.ಪೂ. 1400. ಲೀನಿಯರ್ ಬಿ ಎಂಬ ಆ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿದ ಮೇಲೆ ಹಲಗೆಯ ಮೇಲಿದ್ದ ನಾಲ್ಕು ದೇವತೆಗಳ ಹೆಸರು ತಿಳಿಯಿತು: ಅಥೇನಾ, ಎನ್ಯಾಲಿಯೊಸ್, ಪಯಾವೊನ್, ಪೊಸೈಡನ್. ಮೂರನೆಯದನ್ನು ‘ಪ-ಯ-ವೊ-ನೆ’ ಎಂದು ಕೊರೆದಿದ್ದಾರೆ. ಅದು ಚತುರ್ಥೀ ವಿಭಕ್ತಿ, ‘ಪಯಾವೊನನಿಗೆ’ ಎಂದರ್ಥ. ಅಲ್ಲಿ ಗಿಡದ ಮಾತಿಲ್ಲ, ದೇವರ ಹೆಸರಷ್ಟೇ ಇದೆ. ಆದರೆ ಪಕ್ಕದಲ್ಲಿ ಎನ್ಯಾಲಿಯೊಸ್ ಇರುವುದನ್ನು ಗಮನಿಸಬೇಕು. ಮುಂದಿನ ಕಾಲದ ಗ್ರೀಕರಿಗೆ ಅದು ಯುದ್ಧದೇವತೆ ಏರೀಸನ ಬಿರುದಾಯಿತು.

ಹೋಮರನ ಇಲಿಯಡ್ ಕಾವ್ಯದ ಐದನೆಯ ಸರ್ಗಕ್ಕೆ ಬರುವಷ್ಟರಲ್ಲಿ ಇವರಿಬ್ಬರ ನಡುವೆ ಒಂದು ಕಥೆ ಹುಟ್ಟಿದೆ. ಗಾಯಗೊಂಡ ಏರೀಸ್ ಒಲಿಂಪಸ್ ಬೆಟ್ಟಕ್ಕೆ ಓಡಿಬರುತ್ತಾನೆ. ದೇವತೆಗಳ ವೈದ್ಯ ಪಯಿಯೊನ್ ನೋವು ಕಳೆಯುವ ಮೂಲಿಕೆ ಹಚ್ಚಿ ಅವನನ್ನು ಗುಣಪಡಿಸುತ್ತಾನೆ. ಅತ್ತಿಯ ಜಾತಿಯ ಮರದ ಹಾಲು ಬಿದ್ದೊಡನೆ ಹಸುವಿನ ಹಾಲು ಒಡೆದು ಗಟ್ಟಿಯಾಗುವಷ್ಟು ಬೇಗ ಗಾಯ ಕೂಡಿತಂತೆ. ಒಡಿಸ್ಸಿಯಲ್ಲಿ ಈಜಿಪ್ಟಿನವರೆಲ್ಲ ಪಯಿಯೊನನ ಕುಲದವರು, ಅದಕ್ಕೇ ಅಲ್ಲಿ ಪ್ರತಿಯೊಬ್ಬನೂ ವೈದ್ಯ ಎಂಬ ಮಾತು ಬರುತ್ತದೆ. ಮುಂದೆ ಈ ಹೆಸರು ಅಪೊಲೊಗೆ ಬಿರುದಾಗಿ ಸಂದಿತು. ರೋಗ ನೀಗಲೆಂದು, ಗೆಲುವು ಸಿಗಲೆಂದು ಅವನಿಗೆ ಹಾಡುತ್ತಿದ್ದ ಸ್ತೋತ್ರಕ್ಕೂ ಪೇಯಾನ್ ಎಂದೇ ಹೆಸರು. ವೈದ್ಯ, ದೇವರು, ಹಾಡು ಮೂರಕ್ಕೂ ಒಂದೇ ಮಾತು ಸಾಕಾಯಿತು. ವೈದ್ಯನ ಕೈಯ ಮೂಲಿಕೆಗೆ ಅದೇ ಹೆಸರು ಅಂಟಿದಾಗ ಪಯೋನಿಯ ಎಂಬ ಗಿಡದ ಹೆಸರು ಸಿದ್ಧವಾಯಿತು.

ಮೂಲಿಕೆ ಎಂದೆನಲ್ಲ, ಆ ಮಾತಿನೊಳಗೂ ಇರುವುದು ಮೂಲ, ಎಂದರೆ ಬೇರು. ನಾರುಬೇರು ಎಂದರೆ ಔಷಧ ಎಂದು ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗ್ರೀಸಿನಲ್ಲಿ ಬೇರು ಕಡಿಯುವುದನ್ನೇ ಕಸುಬು ಮಾಡಿಕೊಂಡವರಿದ್ದರು. ಅವರ ನಂಬಿಕೆಗಳನ್ನು ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್ ಕ್ರಿ.ಪೂ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಬರೆದಿಟ್ಟ. ಪಿಯೊನಿಯನ್ನು ರಾತ್ರಿಯೇ ಅಗೆಯಬೇಕು, ಹಗಲಿನಲ್ಲಿ ಮರಕುಟಿಗ ನೋಡಿಬಿಟ್ಟರೆ ಕಣ್ಣಿಗೆ ಅಪಾಯ ಎಂದು ಅವರು ಹೇಳುತ್ತಿದ್ದರಂತೆ. ಇದೆಲ್ಲ ಅತಿಯಾಯಿತು ಎಂದು ಅವನೇ ತಳ್ಳಿಹಾಕಿದ್ದಾನೆ. ನಾಲ್ಕು ಶತಮಾನ ಕಳೆದು ರೋಮಿನ ಪ್ಲಿನಿ ಅದೇ ಮಾತನ್ನು ಮತ್ತೆ ಎತ್ತಿಕೊಂಡಾಗ ಆ ಹಕ್ಕಿ ಮಾರ್ಸ್ ದೇವತೆಯ ಮರಕುಟಿಗವಾಗಿದೆ. ರೋಮನ್ನರ ಮಾರ್ಸ್ ಎಂದರೆ ಗ್ರೀಕರ ಏರೀಸ್. ಯಾರ ಗಾಯವನ್ನು ಪಯಿಯೊನ್ ಕೂಡಿಸಿದನೋ ಅವನ ಹಕ್ಕಿ ಈಗ ಪಯಿಯೊನನ ಗಿಡವನ್ನು ಕಾಯುತ್ತಿದೆ! ಪ್ಲಿನಿಗೆ ಈ ನಂಟು ಹೊಳೆದಿತ್ತೋ ಇಲ್ಲವೋ, ನನಗಂತೂ ಇದು ಸುಮ್ಮನೆ ಕೂಡಿಬಂದದ್ದು ಎನ್ನಿಸುವುದಿಲ್ಲ.

ಪೆರ್ಗಮಾನಿನ ವೈದ್ಯ ಗ್ಯಾಲೆನ್ ಎರಡನೆಯ ಶತಮಾನದಲ್ಲಿ ಅಪಸ್ಮಾರದ ಒಬ್ಬ ಬಾಲಕನ ವಿಷಯ ಬರೆದ. ಕೊರಳಲ್ಲಿ ಪಿಯೊನಿ ಬೇರು ಕಟ್ಟಿಕೊಂಡಿದ್ದಷ್ಟು ಕಾಲ ಹುಡುಗನಿಗೆ ಮೂರ್ಛೆ ಬರಲಿಲ್ಲ, ಬೇರು ಜಾರಿ ಬಿದ್ದೊಡನೆ ಬಂತು ಎಂದು. ಇಂದಿನ ವೈದ್ಯಶಾಸ್ತ್ರ ತಾಯಿತದಂತೆ ಕಟ್ಟಿದ ಬೇರಿನ ಈ ಗುಣವನ್ನು ಒಪ್ಪುವುದಿಲ್ಲ. ಆದರೆ ಮಾತಿನ ಬಾಳಿನಲ್ಲಿ ಇದೊಂದು ದೊಡ್ಡ ತಿರುವು. ಗ್ರೀಕ್ ವೈದ್ಯಗ್ರಂಥಗಳು ಅರಬಿಗೆ ಹೋದಾಗ ಪಯೋನಿಯ ‘ಫಾವಾನಿಯಾ’ ಆಯಿತು. ಅರಬಿಯಲ್ಲಿ ಪಕಾರವಿಲ್ಲ, ಫಕಾರ ಆ ಜಾಗಕ್ಕೆ ಬಂತು. ಹಳಗನ್ನಡದ ಪಾಲು, ಪೂವುಗಳನ್ನು ಹಾಲು, ಹೂವು ಮಾಡಿಕೊಂಡ ನಮಗೆ ಪಕಾರದ ಈ ಚಂಚಲತೆ ಹೊಸದಲ್ಲ. ಅರಬರು ಇನ್ನೊಂದು ಹೆಸರನ್ನೂ ಇಟ್ಟರು: ಊದ್ ಅಲ್-ಸಲೀಬ್, ‘ಶಿಲುಬೆಯ ಕಟ್ಟಿಗೆ’. ಬೇರನ್ನು ಅಡ್ಡಕ್ಕೆ ಕತ್ತರಿಸಿದರೆ ಒಳಗೆ ಶಿಲುಬೆಯಂಥ ಗೆರೆ ಕಾಣುತ್ತದೆಂದು ಆ ಹೆಸರು. ಇಲ್ಲಿಯೂ ಹೆಸರಿಟ್ಟದ್ದು ಬೇರನ್ನು ನೋಡಿಯೇ.

ಯುನಾನಿ ಎಂದರೆ ಅಯೋನಿಯದ್ದು, ಎಂದರೆ ಗ್ರೀಕರದ್ದು. ಆ ವೈದ್ಯಪದ್ಧತಿಯ ಜೊತೆಗೆ ಊದ್ ಸಲೀಬ್ ಭಾರತಕ್ಕೆ ಬಂತು. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಓದುವವರಿಗೆ ಇದು ಪಠ್ಯದ ಮಾತು. ಇಂದಿಗೂ ಹಕೀಮರು ಅದನ್ನು ಮೊದಲು ನೆನೆಯುವುದು ಸರಅ್‌ಗೆ, ಎಂದರೆ ಅಪಸ್ಮಾರಕ್ಕೆ. ಗ್ಯಾಲೆನನ ಆ ಬಾಲಕನ ಬೇರು ಹದಿನೆಂಟು ಶತಮಾನದ ಮೇಲೂ ಅದೇ ರೋಗದ ಹೆಸರಿನೊಂದಿಗೆ ಸಾಗಿ ಬಂದಿದೆ.

ನಮ್ಮ ದೇಶದಲ್ಲೇ ಬೆಳೆಯುವ ಕಾಡು ಪಿಯೊನಿಯೂ ಒಂದಿದೆ. ಕಾಶ್ಮೀರದಿಂದ ಕುಮಾವೊಂವರೆಗಿನ ಹಿಮಾಲಯದ ಕಾಡಂಚುಗಳಲ್ಲಿ ಬಿಳಿಯ ಎಸಳು, ನಡುವೆ ಹಳದಿ ಕೇಸರಗಳ ಹೂ ಬಿಡುತ್ತದೆ. ಬೆಟ್ಟದವರು ಮಾಮೇಖ್ ಎನ್ನುತ್ತಾರೆ, ಉದ್-ಸಲಪ್ ಎಂದೂ ಕರೆಯುತ್ತಾರೆ. ಎರಡನೆಯದನ್ನು ಕೇಳಿದರೆ ಊದ್ ಸಲೀಬ್ ನಾಲಿಗೆಯ ಮೇಲೆ ಸವೆದು ಆದದ್ದೆಂದು ಕಿವಿಗೇ ತಿಳಿಯುತ್ತದೆ. ಸಸ್ಯಶಾಸ್ತ್ರ ಇದಕ್ಕೆ ಪಯೋನಿಯ ಎಮೋಡಿ ಎಂದಿತು. ಎಮೋಡಿ ಯಾವ ಲ್ಯಾಟಿನ್? ಹಿಮಾಲಯವನ್ನು ಗ್ರೀಕ್ ಮತ್ತು ರೋಮನ್ ಭೂಗೋಳಕಾರರು ಎಮೋಡಸ್ ಎನ್ನುತ್ತಿದ್ದರು. ಅದು ನಮ್ಮ ಹೈಮವತವೇ, ಹಕಾರ ಕಳೆದುಕೊಂಡು ಪಶ್ಚಿಮಕ್ಕೆ ಹೋದದ್ದು. ಗ್ರೀಕ್ ವೈದ್ಯದೇವತೆಯೂ ಸಂಸ್ಕೃತದ ಹಿಮವೂ ಒಂದೇ ಗಿಡದ ಹೆಸರಿನಲ್ಲಿ ಅಕ್ಕಪಕ್ಕ ನಿಂತಿರುವುದು ನನಗೆ ಬಲು ಇಷ್ಟವಾದ ಸಂಗತಿ.

ಪಶ್ಚಿಮ ಯುರೋಪಿನ ಕಥೆಯನ್ನು ಬೇಗ ಹೇಳಬಹುದು. ಲ್ಯಾಟಿನ್ನಿನಿಂದ ಫ್ರೆಂಚಿಗೆ ಪಿವ್ವಾನ್ ಆಗಿ, ಇಂಗ್ಲಿಷಿಗೆ ಪಿಯೊನಿ ಆಗಿ ಬಂತು. ಇಂಗ್ಲೆಂಡಿನಲ್ಲಿ 14ನೆಯ ಶತಮಾನದಲ್ಲಿ ಅದರ ಬೀಜ ಮೆಣಸಿನ ಜೊತೆ ಮಾರುವ ಸಂಬಾರ ಪದಾರ್ಥವಾಗಿತ್ತು. ಜರ್ಮನರು ಮಾತ್ರ ಗ್ರೀಕ್ ಮಾತನ್ನು ಬದಿಗಿಟ್ಟು, ಪೆಂಟೆಕೋಸ್ಟ್ ಹಬ್ಬದ ಹೊತ್ತಿಗೆ ಅರಳುವ ಹೂವೆಂದು ಫಿಂಗ್‌ಸ್ಟ್‌ರೋಜ಼ ಎಂದರು. ಅಲ್ಲಿಗೆ ಹೂ ಮುಂದೆ ಬಂತು, ಬೇರು ಹಿಂದೆ ಸರಿಯಿತು.

ಬೇರನ್ನು ಬಿಡದವರು ಸೈಬೀರಿಯದವರು. ಕೋಲಾ ಪರ್ಯಾಯದ್ವೀಪದಿಂದ ಉರಲ್, ಅಲ್ಟಾಯ್ ದಾಟಿ ಮಂಗೋಲಿಯದವರೆಗೆ ಹಬ್ಬಿದ ಕಾಡು ಪಿಯೊನಿಗೆ ಅವರ ಹೆಸರು ಮಾರಿನ್ ಕೋರೆನ್, ‘ಮಾರ್ಯಾಳ ಬೇರು’. ಸಸ್ಯವಿಜ್ಞಾನಿ ಲಿನಿಯಸ್ 1771ರಲ್ಲಿ ಇದಕ್ಕೆ ಪಯೋನಿಯ ಅನಾಮಲ ಎಂದು ಹೆಸರಿಟ್ಟ. ಅನಾಮಲ ಎಂದರೆ ಕ್ರಮ ತಪ್ಪಿದ್ದು. ರಷ್ಯನ್ ಪಂಡಿತರು ಅದನ್ನು ‘ಪಿಯೊನ್ ಉಕ್ಲೊನ್ಯಾಯುಷ್ಚೀಸ್ಯ’, ಎಂದರೆ ದಾರಿ ತಪ್ಪಿ ನಡೆಯುವ ಪಿಯೊನಿ ಎಂದು ತಂದುಕೊಂಡರು. ಇಂದೂ ರಷ್ಯದ ಔಷಧದಂಗಡಿಗಳಲ್ಲಿ ನಿದ್ದೆ ಬಾರದವರಿಗೆ, ನರದ ದುಗುಡದವರಿಗೆ ಕೊಡುವ ಸೀಸೆಯ ಚೀಟಿಯ ಮೇಲೆ ಅದೇ ಉದ್ದದ ಹೆಸರಿದೆ. ಊರಿನ ಅಜ್ಜಿಯರು ಕೇಳುವುದು ಮಾರ್ಯಾಳ ಬೇರನ್ನು. ನೂರಾರು ವರ್ಷ ಆ ಗಿಡವನ್ನು ಅಗೆದು, ಒಣಗಿಸಿ, ಅರೆದವರ ಅನುಭವ ಆ ಸಣ್ಣ ಹೆಸರಿನಲ್ಲಿದೆ. ಬೈಕಲ್ ಸರೋವರದ ಆಚೆಯ ಬಿಳಿ ಪಿಯೊನಿಯನ್ನು ವಿಜ್ಞಾನಕ್ಕೆ ಪರಿಚಯಿಸಿದವನು ರಷ್ಯದ ಸೇವೆಯಲ್ಲಿದ್ದ ಪೀಟರ್ ಪಲ್ಲಾಸ್, 1776ರಲ್ಲಿ. ಅದರ ಬೇರನ್ನು ಮಂಗೋಲರು ಸಾರಿನಲ್ಲಿ ಬೇಯಿಸಿ ತಿನ್ನುತ್ತಿದ್ದರು, ಬೀಜವನ್ನು ಪುಡಿಮಾಡಿ ಚಹಾಕ್ಕೆ ಹಾಕುತ್ತಿದ್ದರು. ಅದೇ ಗಿಡಕ್ಕೆ ಚೀನಾದಲ್ಲಿ ಷಾವೊಯಾವೊ ಎಂಬ ಹೆಸರು. ಕೊನೆಯ ‘ಯಾವೊ’ ಅಕ್ಷರಕ್ಕೆ ಔಷಧ ಎಂದರ್ಥ. ಗ್ರೀಕರನ್ನು ಕೇಳದೆಯೇ ಚೀನೀಯರೂ ವೈದ್ಯವನ್ನು ಹೆಸರಿನೊಳಗೆ ಇಟ್ಟರು.

ಯಾಕೆ ಎಲ್ಲರ ಕಣ್ಣೂ ಬೇರಿನ ಮೇಲೆ? ಗುಣ ಅಲ್ಲಿದೆ ಎಂಬುದು ಒಂದು ಉತ್ತರ. ಸಮುದ್ರದಿಂದ ಸಾವಿರಾರು ಕಿಲೋಮೀಟರು ಒಳಗಿರುವ ನೊವೊಸಿಬಿರ್ಸ್ಕ್‌ನಂಥ ಊರುಗಳಲ್ಲಿ ಈ ಕಾಡು ಜಾತಿಗಳನ್ನು ಬೆಳೆಸುವವರನ್ನು ಕೇಳಿದರೆ ಇನ್ನೊಂದು ಉತ್ತರ ಸಿಗುತ್ತದೆ: ಗಿಡದ ಬದುಕೇ ಅಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ಉಷ್ಣತೆ ಮೈನಸ್ 40 ಡಿಗ್ರಿಗೂ ಇಳಿಯುವುದುಂಟು, ಬೇಸಿಗೆಯಲ್ಲಿ 30 ದಾಟುವುದುಂಟು. ಶರತ್ಕಾಲದಲ್ಲಿ ಎಲೆ, ಕಾಂಡ ಎಲ್ಲ ಸತ್ತು ನೆಲ ಬೋಳಾಗುತ್ತದೆ. ಉಳಿಯುವುದು ದಪ್ಪ ಗೆಣಸಿನಂಥ ಬೇರು, ಅದರ ತಲೆಯ ಮೇಲೆ ಕೆಂಪು ಕಣ್ಣುಗಳು. ಕಬ್ಬಿನ ತುಂಡಿಗೆ, ಆಲೂಗಡ್ಡೆಗೆ ಕಣ್ಣು ಎನ್ನುತ್ತೇವಲ್ಲ, ಅದೇ ಕಣ್ಣು. ಮೇಲೆ ಹಿಮ ದಪ್ಪಗೆ ಕೂತರೆ ಬೇರಿಗೆ ಆ ಚಳಿ ತಟ್ಟುವುದಿಲ್ಲ. ಹಿಮ ಬೀಳದೆ ಬರಿಯ ಚಳಿ ಬಂದ ವರ್ಷವೇ ಅಪಾಯದ್ದು. ನೆಡುವಾಗ ಕಣ್ಣು ಮಣ್ಣಿನ ಮೇಲ್ಮೈಯಿಂದ ಮೂರರಿಂದ ಐದು ಸೆಂಟಿಮೀಟರಿನಷ್ಟೇ ಕೆಳಗಿರಬೇಕು. ಚಳಿಗೆ ಹೆದರಿ ಆಳಕ್ಕೆ ಇಟ್ಟರೆ ಗಿಡ ಬದುಕುತ್ತದೆ, ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ.

ಬೀಜದ ನಡೆ ಇನ್ನೂ ವಿಶೇಷ. ಪಿಯೊನಿ ಬೀಜಕ್ಕೆ ಎರಡು ಬೀಗ. ಮೊದಲನೆಯದನ್ನು ತೆಗೆಯುವುದು ಬೆಚ್ಚನೆಯ ತೇವ: ಎರಡು ಮೂರು ತಿಂಗಳು ಅದು ಸಿಕ್ಕರೆ ಬೇರು ಹೊರಬರುತ್ತದೆ, ಬೇರು ಮಾತ್ರ. ಎರಡನೆಯದನ್ನು ತೆಗೆಯುವುದು ಚಳಿ: ಬೇರು ಬಿಟ್ಟ ಬೀಜ ಮತ್ತೆರಡು ಮೂರು ತಿಂಗಳು ನಾಲ್ಕೈದು ಡಿಗ್ರಿಯಲ್ಲಿ ಇದ್ದರೆ ಮೊದಲ ಎಲೆ ಏಳುತ್ತದೆ. ಸೈಬೀರಿಯದ ತೋಟದಲ್ಲಿ ಬೀಜ ಬಲಿಯುವುದು ಆಗಸ್ಟಿನಲ್ಲಿ, ಸೆಪ್ಟೆಂಬರಿನಲ್ಲಾಗಲೇ ನೆಲ ತಣ್ಣಗಾಗುತ್ತದೆ. ಬಯಲಲ್ಲಿ ಬಿತ್ತಿದ ಬೀಜಕ್ಕೆ ಮೊದಲ ಬೀಗ ತೆಗೆಯುವಷ್ಟು ಬಿಸಿಲೇ ಸಾಲದು. ಅದು ಒಂದು ಚಳಿಗಾಲ ಸುಮ್ಮನೆ ಮಲಗಿ, ಮುಂದಿನ ಬೇಸಿಗೆಯಲ್ಲಿ ಬೇರಿಳಿಸಿ, ಇನ್ನೊಂದು ಚಳಿಗಾಲ ಕಳೆದು, ಎರಡನೆಯ ವಸಂತದಲ್ಲಿ ತಲೆಯೆತ್ತುತ್ತದೆ. ಬಲ್ಲವರು ಒದ್ದೆ ಮರಳಿನಲ್ಲಿ ಬೀಜ ಬೆರೆಸಿ ಮನೆಯೊಳಗೆ ಇಡುತ್ತಾರೆ, ಬೇರು ಕಂಡ ಮೇಲೆ ತಂಪು ಪೆಟ್ಟಿಗೆಗೆ ದಾಟಿಸುತ್ತಾರೆ, ವಸಂತಕ್ಕೆ ಮಣ್ಣಿಗೆ ಕೊಡುತ್ತಾರೆ. ಆ ಮೇಲೂ ಹೂವಿಗೆ ನಾಲ್ಕೈದು ವರ್ಷ ಕಾಯಬೇಕು. ಅಷ್ಟು ಕಾಲ ಗಿಡ ಎಲೆಗಿಂತ ಹೆಚ್ಚಾಗಿ ಕೂಡಿಹಾಕುವುದು ಬೇರನ್ನೇ.

ವೋಲ್ಗಾ, ಡಾನ್ ನದಿಗಳ ಹುಲ್ಲುಗಾವಲಿನ ಪಯೋನಿಯ ಟೆನುಯಿಫೋಲಿಯವಾದರೋ ಅವಸರದ್ದು. ಎಲೆ ಸಬ್ಬಸಿಗೆ ಸೊಪ್ಪಿನಂತೆ ಎಳೆಎಳೆ, ಹೂ ರಕ್ತಗೆಂಪು. ರಷ್ಯನ್ನರು ವೊರೊನೆಟ್ಸ್ ಎನ್ನುತ್ತಾರೆ. ಬಯಲು ಒಣಗುವ ಮೊದಲೇ ಅರಳಿ, ಜುಲೈ ಹೊತ್ತಿಗೆ ಎಲೆ ಒಣಗಿಸಿಕೊಂಡು ನೆಲದೊಳಕ್ಕೆ ಹೋಗಿಬಿಡುತ್ತದೆ. ಹೊಸಬರು ಸತ್ತಿತೆಂದು ಕಿತ್ತುಹಾಕುವುದುಂಟು. ಉಳುಮೆಯಿಂದ, ಹೂ ಕೀಳುವವರಿಂದ ಅದರ ನೆಲೆ ಕುಗ್ಗಿ, ಈಗ ಅದು ಅಳಿವಿನ ಭೀತಿಯ ಜೀವಿಗಳ ಪಟ್ಟಿಯಾದ ರಷ್ಯದ ಕೆಂಪು ಪುಸ್ತಕದಲ್ಲಿದೆ. ಕಾಡಿನ ಬೇರನ್ನು ಅಗೆದು ತರುವುದು ಅಪರಾಧವೇ ಸರಿ. ತೋಟಗಾರರು ಬೀಜದಿಂದ ಬೆಳೆಸುವ ಕಷ್ಟವನ್ನು ಪಡಲೇಬೇಕು.

ಹಿಮಾಲಯದ ಎಮೋಡಿ ಮಾತ್ರ ಇಂಥ ಒಳನಾಡಿಗೆ ಸುಲಭವಾಗಿ ಒಗ್ಗುವುದಿಲ್ಲ. ವಸಂತದಲ್ಲಿ ಬೇಗ ಚಿಗುರಿ, ತಡವಾಗಿ ಬೀಳುವ ಹೆಪ್ಪುಗಟ್ಟಿದ ಇಬ್ಬನಿಗೆ ಮೊಗ್ಗು ಸುಟ್ಟುಕೊಳ್ಳುತ್ತದೆ. ಇದಕ್ಕೆ ದಾರಿ ಕಂಡವರು ನ್ಯೂಯಾರ್ಕ್ ರಾಜ್ಯದ ಕ್ಲಿಂಟನ್ ಊರಿನ ಹ್ಯಾಮಿಲ್ಟನ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಎ.ಪಿ. ಸಾಂಡರ್ಸ್. ಹುಟ್ಟಿದ್ದು ಕೆನಡಾದಲ್ಲಿ, 1869ರಲ್ಲಿ. ಅವರ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಚಾರ್ಲ್ಸ್ ಸಾಂಡರ್ಸ್ ಕೆನಡಾದ ಪ್ರೇರಿ ಬಯಲಿನ ಸಣ್ಣ ಬೇಸಿಗೆಗೆ ಒಗ್ಗುವ ಮಾರ್ಕ್ವಿಸ್ ಗೋಧಿಯನ್ನು ಕೊಟ್ಟವರು. ಚಳಿನಾಡಿಗೆ ತಳಿ ಕಟ್ಟುವುದು ಆ ಮನೆಯ ವಿದ್ಯೆಯೇ ಆಗಿತ್ತು. ಸಾಂಡರ್ಸ್ ದೇಶದೇಶಗಳ ಕಾಡು ಪಿಯೊನಿಗಳನ್ನು ತರಿಸಿ ಒಂದಕ್ಕೊಂದು ಕೂಡಿಸಿದರು. ಎಮೋಡಿಯನ್ನು ಚೀನಾದ ವೀಚಿ ಎಂಬ ಜಾತಿಯೊಂದಿಗೆ ಕೂಡಿಸಿ ಪಡೆದ ಗಿಡ ಅರ್ಲಿ ವಿಂಡ್‌ಫ್ಲವರ್, 1939ರದ್ದು. ಎಮೋಡಿಯ ಬಿಳಿ ಬಣ್ಣ ಅದಕ್ಕಿದೆ, ಚಳಿ ತಾಳುವ ಗುಣ ಇನ್ನೊಂದು ಕಡೆಯಿಂದ ಬಂದಿದೆ. ಸಸ್ಯಶಾಸ್ತ್ರಜ್ಞರಲ್ಲಿ ಕೆಲವರು ಆ ವೀಚಿಯನ್ನು ಬೇರೆ ಜಾತಿಯೆಂದು ಎಣಿಸದೆ ಅನಾಮಲದ ಒಂದು ಉಪಜಾತಿ ಎನ್ನುತ್ತಾರೆ. ಹಾಗಾದರೆ ಹೈಮವತದ ಗಿಡವೂ ಮಾರ್ಯಾಳ ಬೇರಿನ ಬಳಗವೂ ಅಮೆರಿಕದ ಒಂದು ತೋಟದಲ್ಲಿ ನೆಂಟರಾದಂತಾಯಿತು. ಅರ್ಲಿ ವಿಂಡ್‌ಫ್ಲವರ್ ಗಿಡವನ್ನು ಹೆಚ್ಚಿಸುವುದು ಬೀಜದಿಂದಲ್ಲ. ಸೆಪ್ಟೆಂಬರಿನಲ್ಲಿ ಅಗೆದು, ತೊಳೆದು, ಒಂದೊಂದು ತುಂಡಿನಲ್ಲೂ ಮೂರು ನಾಲ್ಕು ಕಣ್ಣು ಉಳಿಯುವಂತೆ ಬೇರನ್ನು ಕತ್ತರಿಸಿ ಹಂಚುತ್ತಾರೆ.