ಗೇಯಪಠ್ಯದ ಸಂಪಾದನೆ: 1906ರ 'ಇಂಗ್ಲಿಷ್ ಹಿಮ್ನಲ್'

ಆಂಗ್ಲಿಕನ್ ಚರ್ಚಿನ ಆರಾಧನೆಗೆ ಗೊತ್ತಾದ ಪ್ರಾರ್ಥನಾಗ್ರಂಥವಿದ್ದರೂ ಇಂಗ್ಲೆಂಡಿನಲ್ಲಿ ಅದಕ್ಕೆ ಅಧಿಕೃತವಾದ ಗೀತಸಂಕಲನವೊಂದು ಎಂದೂ ಇರಲಿಲ್ಲ. 1861ರಲ್ಲಿ ಪ್ರಕಟವಾದ 'ಹಿಮ್ಸ್ ಏನ್ಷಂಟ್ ಅಂಡ್ ಮಾಡರ್ನ್' ಬಳಕೆಯ ಬಲದಿಂದಲೇ ಆ ಸ್ಥಾನವನ್ನು ಪಡೆದಿತ್ತು. ಅದರಿಂದ ತೃಪ್ತರಾಗದ ಕೆಲವು ಪಾದ್ರಿಗಳು ಹೊಸ ಸಂಕಲನಕ್ಕೆ ಕೈಹಾಕಿದರು. ಲಂಡನ್ನಿನ ಪ್ರಿಮ್‌ರೋಸ್ ಹಿಲ್‌ನ ಸಂತ ಮೇರಿ ಚರ್ಚಿನ ಪಾದ್ರಿ ಪರ್ಸಿ ಡಿಯರ್ಮರ್ ಅವರಲ್ಲಿ ಪ್ರಮುಖರು. 1904ರಲ್ಲಿ ಅವರು ಸಂಗೀತಭಾಗದ ಸಂಪಾದನೆಯನ್ನು ರಾಲ್ಫ್ ವಾನ್ ವಿಲಿಯಮ್ಸ್ ಅವರಿಗೆ ವಹಿಸಿದರು. ಎರಡು ತಿಂಗಳ ಕೆಲಸವೆಂದು ಭಾವಿಸಿದ್ದು ಎರಡು ವರ್ಷ ಹಿಡಿಯಿತು.

ವಾನ್ ವಿಲಿಯಮ್ಸ್ ಪಾದ್ರಿಯೊಬ್ಬರ ಮಗನಾಗಿದ್ದರೂ ಆಗ ಆಸ್ತಿಕರಾಗಿರಲಿಲ್ಲ. ಆದರೂ ಒಳ್ಳೆಯ ಮಟ್ಟಿನ ಆಯ್ಕೆ ಸಂಗೀತಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ಅದು ನೈತಿಕ ಹೊಣೆ ಎಂಬ ನಿಲುವನ್ನು ಸಂಕಲನದ ಪ್ರಸ್ತಾವನೆಯಲ್ಲಿ ಮಂಡಿಸಿದರು. ಜನಪ್ರಿಯವಾದರೂ ತಮಗೆ ಒಪ್ಪಿಗೆಯಾಗದ ಮಟ್ಟುಗಳನ್ನು ಅನುಬಂಧಕ್ಕೆ ಸರಿಸಿದರು. ತೆರವಾದ ಸ್ಥಳಗಳಿಗೆ ಹದಿನಾರನೆಯ ಶತಮಾನದ ಥಾಮಸ್ ಟ್ಯಾಲಿಸ್ ಅವರ ಸ್ವರರಚನೆಗಳು ಬಂದವು. ಹಳ್ಳಿಗಳಲ್ಲಿ ತಾವೇ ಸಂಗ್ರಹಿಸಿದ ಜನಪದ ಗೀತೆಗಳ ಧಾಟಿಗಳೂ ಬಂದವು.

ಸಸೆಕ್ಸಿನ ಮಂಕ್ಸ್ ಗೇಟ್ ಎಂಬಲ್ಲಿ ಶ್ರೀಮತಿ ವೆರಲ್ ಹಾಡಿದ ನಾವಿಕರ ಹಾಡಿನ ಮಟ್ಟು ಜಾನ್ ಬನ್ಯನ್ನನ ಯಾತ್ರಿಕಗೀತೆಗೆ ಹೊಂದಿಕೊಂಡಿತು. ಸರ್ರೆಯ ಫಾರೆಸ್ಟ್ ಗ್ರೀನ್ ಹಳ್ಳಿಯಲ್ಲಿ ದೊರೆತ, ಉಳುವ ಹುಡುಗನ ಕನಸನ್ನು ಹೇಳುವ ಹಾಡಿನ ಮಟ್ಟು ಬೆತ್ಲೆಹೇಮನ್ನು ಕುರಿತ ಕ್ರಿಸ್‌ಮಸ್ ಗೀತೆಗೆ ಒದಗಿತು. ಮಟ್ಟುಗಳಿಗೆ ಆಯಾ ಊರಿನ ಹೆಸರನ್ನೇ ಇಡಲಾಯಿತು. ಹಾಡಿಕೊಟ್ಟವರ ಹೆಸರು ಮಾತ್ರ 'ಇಂಗ್ಲಿಷ್ ಸಾಂಪ್ರದಾಯಿಕ ಮಟ್ಟು' ಎಂಬ ಒಕ್ಕಣೆಯಲ್ಲಿ ಕರಗಿಹೋಯಿತು. ಮೌಖಿಕ ಪರಂಪರೆಯನ್ನು ಅಚ್ಚಿಗೆ ತರುವ ಎಲ್ಲ ಸಂಪಾದಕರ ಮುಂದಿರುವ ಪ್ರಶ್ನೆಯಿದು: ಉಳಿಸಬೇಕಾದುದು ಹಾಡನ್ನೋ, ಹಾಡಿದವರನ್ನೋ?

1906ರಲ್ಲಿ ಗ್ರಂಥ ಪ್ರಕಟವಾದಾಗ ವಿವಾದ ಎದ್ದದ್ದು ಮಟ್ಟುಗಳ ಬಗೆಗಲ್ಲ, ಸಾಹಿತ್ಯದ ಬಗೆಗೆ. ಕನ್ಯೆ ಮೇರಿಯ ಮತ್ತು ಸಂತರ ಮಧ್ಯಸ್ಥಿಕೆಯನ್ನು ಬೇಡುವ ಕೆಲವು ಗೀತೆಗಳನ್ನು ಬಿಷಪ್ಪರು ಆಕ್ಷೇಪಿಸಿದರು. ಬ್ರಿಸ್ಟಲ್ಲಿನ ಬಿಷಪ್ಪರು ಗ್ರಂಥವನ್ನೇ ನಿಷೇಧಿಸಿದರು. ಮರುವರ್ಷವೇ ಆ ಗೀತೆಗಳನ್ನು ಕೈಬಿಟ್ಟ ಆವೃತ್ತಿಯೊಂದು ಹೊರಬಂತು.

ಆ ವಾದವಿವಾದ ಇಂದು ಚರ್ಚಿನ ಚರಿತ್ರೆಯ ಒಂದು ಅಡಿಟಿಪ್ಪಣಿ. ಟ್ಯಾಲಿಸ್ ಅವರ ಒಂದು ಮಟ್ಟು 1910ರಲ್ಲಿ ವಾನ್ ವಿಲಿಯಮ್ಸ್ ಅವರ ಪ್ರಸಿದ್ಧ ತಂತಿವಾದ್ಯಕೃತಿಯಾಗಿ ಮರುಹುಟ್ಟು ಪಡೆಯಿತು. ಫಾರೆಸ್ಟ್ ಗ್ರೀನ್‌ನ ಮಟ್ಟನ್ನು ಇಂಗ್ಲೆಂಡಿನ ಚರ್ಚುಗಳು ಪ್ರತಿ ಕ್ರಿಸ್‌ಮಸ್‌ನಲ್ಲಿಯೂ ಹಾಡುತ್ತಿವೆ. ಗೇಯಪಠ್ಯಗಳ ಅಧ್ಯಯನದಲ್ಲಿ ಮಟ್ಟನ್ನು ಬದಿಗಿಟ್ಟು ಸಾಹಿತ್ಯವನ್ನಷ್ಟೇ ಪರಿಶೀಲಿಸುವ ಸಂಶೋಧಕರು ಗಮನಿಸಬೇಕಾದ ಸಂಗತಿಯಿದು.