ಬೆಟ್ಟವೇನು ಔಷಧಿಯಂಗಡಿಯೇ?

ಹೆಣ್ಣುಮಕ್ಕಳ ಪ್ರಕೃತಿ ಬರಹವೆಂದರೆ ನೊಂದ ಮನಸ್ಸಿಗೆ ಮದ್ದು ಎಂಬ ಮಾತು ಈಗ ರೂಢಿಯಾಗಿದೆ. ಸ್ಕಾಟ್ಲೆಂಡಿನ ನ್ಯಾನ್ ಶೆಪರ್ಡ್ (1893–1981) ಅವರ 'ದಿ ಲಿವಿಂಗ್ ಮೌಂಟನ್' ಪುಸ್ತಕವನ್ನೂ ಹಲವರು ಹಾಗೇ ಓದುತ್ತಾರೆ. ಪುಸ್ತಕ ಹೇಳುವುದೇ ಬೇರೆ. ಅಬರ್ಡೀನಿನಲ್ಲಿ ಶಿಕ್ಷಕರಾಗುವವರಿಗೆ ಪಾಠ ಹೇಳುತ್ತಿದ್ದ ಅವರು ಕೇರ್ನ್‌ಗಾರ್ಮ್ಸ್ ಬೆಟ್ಟಗಳಲ್ಲಿ ಅಲೆದದ್ದು ಶಿಖರ ಗೆಲ್ಲಲೂ ಅಲ್ಲ, ಗುಣವಾಗಲೂ ಅಲ್ಲ, ಬೆಟ್ಟವನ್ನು ಅರಿಯಲು. ನೀರಿಗೆ, ಹಿಮಕ್ಕೆ, ಗಿಡಗಳಿಗೆ, ಅಷ್ಟೇಕೆ, ನಿದ್ದೆಗೂ ಅಲ್ಲಿ ಒಂದೊಂದು ಅಧ್ಯಾಯವಿದೆ. ಹಿಮಗಾಳಿಗೆ ಸಿಕ್ಕಿ ಸತ್ತವರ ಪ್ರಸ್ತಾಪವೂ ಇದೆ. ಬರೀ ಸಾಂತ್ವನಕ್ಕೆ ಹೊರಟವರು ಸಾವಿನ ಸುದ್ದಿಯನ್ನು ಬದಿಗೆ ಸರಿಸುತ್ತಿದ್ದರು.

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬರೆದದ್ದಲ್ಲವೇ, ಆಗ ಅದೇ ತಮ್ಮ ನೆಮ್ಮದಿಯ ತಾಣವಾಗಿತ್ತೆಂದು ಅವರೇ ಮುನ್ನುಡಿಯಲ್ಲಿ ಒಪ್ಪಿದ್ದಾರಲ್ಲ ಎಂದು ಕೇಳಬಹುದು. ನಿಜವೇ. ಆದರೆ ಆ ನೆಮ್ಮದಿ ವರ್ಷಗಟ್ಟಲೆ ನಡೆದು, ಕಣ್ಣಿಟ್ಟು ನೋಡಿದ್ದರ ಜೊತೆಗೆ ತಾನಾಗಿ ಬಂದದ್ದು. ಚೀಟಿ ಹಿಡಿದು ಕೊಳ್ಳಲು ಹೋದದ್ದಲ್ಲ. ಹಸ್ತಪ್ರತಿಯಂತೂ ಸುಮಾರು 30 ವರ್ಷ ಡ್ರಾಯರಿನಲ್ಲೇ ಕೂತು 1977ರಲ್ಲಿ ಅಚ್ಚಾಯಿತು. ಯಾರ ಗಾಯಕ್ಕೂ ಮುಲಾಮು ಹಚ್ಚುವ ಆತುರ ಅದಕ್ಕಿರಲಿಲ್ಲ. 'ಗುಣಪಡಿಸುವ ನಿಸರ್ಗ' ಎಂಬ ಹಣೆಪಟ್ಟಿಯನ್ನು ಅದಕ್ಕೆ ಅಂಟಿಸಿದ್ದು ಬಹಳ ತಡವಾಗಿ ಬಂದ ಓದುಗರು.