ಜೂನ್ ಒಂದರಂದು ಹುಟ್ಟಿದವರು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬುದು ಕನ್ನಡದ ಹಳೆಯ ಗಾದೆ. ಗಾಡಿ ಹೊಡೆದುಕೊಂಡು ಬಂದವನ ಕಷ್ಟ ಏನೇ ಇರಲಿ, ಕಟ್ಟೆಯಲ್ಲಿ ಕುಳಿತವನಿಗೆ ಬೇಕಾದುದು ಸರಕಿನ ಲೆಕ್ಕ ಮಾತ್ರ. ಬೆಂಗಳೂರಿನಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿರುವ ಸುಂಕದಕಟ್ಟೆ ಅಂಥದೊಂದು ತಾಣದ ನೆನಪನ್ನು ತನ್ನ ಹೆಸರಿನಲ್ಲಿ ಉಳಿಸಿಕೊಂಡಿದೆ. ಇಂದು ಅಲ್ಲಿ ಸುಂಕದವನಿಲ್ಲ. ಪೀಣ್ಯ, ಕಾಮಾಕ್ಷಿಪಾಳ್ಯಗಳ ಕಾರ್ಖಾನೆಗಳಿಗೆ ದುಡಿಯಲು ಹೋಗುವವರ ಮನೆಗಳು, ಸಣ್ಣಪುಟ್ಟ ವರ್ಕ್‌ಶಾಪುಗಳು, ಶಾಲೆಗಳು, ಅಂಗಡಿಗಳು ಆ ಜಾಗವನ್ನು ತುಂಬಿಕೊಂಡಿವೆ. ಆದರೆ ಮಕ್ಕಳ ಕೈಹಿಡಿದು ಶಾಲೆಗೋ ಆಟದ ಮೈದಾನಕ್ಕೋ ಹೊರಟ ತಂದೆತಾಯಿಯರಿಗೆ ಅಲ್ಲಿಯೂ, ನಾಡಿನ ಎಲ್ಲ ಕಡೆಯೂ, ಬೇರೊಂದು ಬಗೆಯ ಸುಂಕದ ಕಟ್ಟೆ ಎದುರಾಗುತ್ತದೆ. ಅಲ್ಲಿ ಕೇಳುವುದು ಮಗುವಿನ ಜನ್ಮದಿನಾಂಕವನ್ನು.

ಈ ಕಟ್ಟೆಗಳು ಎರಡು. ಶಾಲೆಯ ಬಾಗಿಲಲ್ಲಿ ಮಗುವಿಗೆ ಇಷ್ಟು ವಯಸ್ಸು ತುಂಬಿರಬೇಕು ಎನ್ನುತ್ತಾರೆ. ಮೈದಾನದ ಬಾಗಿಲಲ್ಲಿ ಇಷ್ಟು ವಯಸ್ಸು ಮೀರಿರಬಾರದು ಎನ್ನುತ್ತಾರೆ. ಒಂದು ಕಡೆ ಮಗು ದೊಡ್ಡದಾಗಿರಬೇಕು, ಇನ್ನೊಂದು ಕಡೆ ಚಿಕ್ಕದಾಗಿರಬೇಕು. ಈ ಎರಡರ ನಡುವೆ ಸಿಕ್ಕಿಕೊಂಡ ಜನ್ಮದಿನಾಂಕಕ್ಕೆ ನಮ್ಮಲ್ಲಿ ಸ್ವಾರಸ್ಯಕರವಾದ ಒಂದು ಚರಿತ್ರೆಯೇ ಇದೆ.

ಕಿವಿ ಮುಟ್ಟಿದರೆ ಒಂದನೇ ತರಗತಿ

ಹಿಂದಿನವರಿಗೆ ವಯಸ್ಸು ಗೊತ್ತಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಜಾತಕ ಬರೆಸುವ ಮನೆಗಳಲ್ಲಿ ಸಂವತ್ಸರ, ಮಾಸ, ತಿಥಿ, ನಕ್ಷತ್ರ ಎಲ್ಲವೂ ದಾಖಲಾಗುತ್ತಿದ್ದವು. ಬರೆಸದ ಮನೆಗಳಲ್ಲಿ ನೆನಪೇ ದಾಖಲೆ. ಬೆಂಗಳೂರಿಗೆ ಪ್ಲೇಗ್ ಬಂದ ವಿಳಂಬಿ ಸಂವತ್ಸರ, ಅಂದರೆ 1898, ಇನ್‌ಫ್ಲುಯೆಂಜಾ ಹಬ್ಬಿದ ಕಾಳಯುಕ್ತಿ ಸಂವತ್ಸರ, ಅಂದರೆ 1918, ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದ 1940, ಇಂಥ ಗುರುತುಗಳಿಗೆ ಕಟ್ಟಿಹಾಕಿ ಹಿರಿಯರು ವಯಸ್ಸಿನ ಲೆಕ್ಕ ಹೇಳುತ್ತಿದ್ದರು. ಅವರ ಬದುಕಿಗೆ ಅಷ್ಟು ಸಾಕಾಗಿತ್ತು. ತಾರೀಖು ಬೇಕಾದದ್ದು ಸರ್ಕಾರಕ್ಕೆ ಮತ್ತು ಶಾಲೆಗೆ.

ಬ್ರಿಟಿಷರ ಕಾಲದಲ್ಲಿ 1886ರಲ್ಲಿ ಜನನ, ಮರಣ, ವಿವಾಹ ನೋಂದಣಿಗೆ ಒಂದು ಕಾಯಿದೆ ಬಂದಿತಾದರೂ ಅದರಂತೆ ನೋಂದಾಯಿಸುವುದು ಜನರ ಇಚ್ಛೆಗೆ ಬಿಟ್ಟದ್ದಾಗಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯ ನೋಂದಣಿ ಬಂದದ್ದು 1969ರ ಜನನ ಮರಣ ನೋಂದಣಿ ಕಾಯಿದೆಯಿಂದ. ಮಗು ಹುಟ್ಟಿದ 21 ದಿನಗಳೊಳಗೆ ವರದಿ ಮಾಡಬೇಕೆಂಬ ನಿಯಮ ಅದರಿಂದ ರೂಢಿಗೆ ಬಂತು. ಆದರೆ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ, ಕಾಯಿದೆ ಬಂದ ಎಷ್ಟೋ ವರ್ಷಗಳ ಮೇಲೂ, ಹಳ್ಳಿಯ ಬಹುಪಾಲು ಮಕ್ಕಳ ಹುಟ್ಟು ಮೊದಲು ಕಾಗದ ಕಂಡದ್ದು ಶಾಲೆಯ ದಾಖಲಾತಿ ಪುಸ್ತಕದಲ್ಲಿ.

ಆ ಪುಸ್ತಕಕ್ಕೆ ಮಗುವನ್ನು ಸೇರಿಸಿಕೊಳ್ಳಲು ಮೇಷ್ಟರ ಬಳಿ ಸರಳವಾದ ಪರೀಕ್ಷೆಯೊಂದಿತ್ತು. ಮಗು ತನ್ನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಒಂದನೇ ತರಗತಿ, ಮುಟ್ಟದಿದ್ದರೆ ಮುಂದಿನ ವರ್ಷ. ಇದು ಬರೀ ತಮಾಷೆಯಲ್ಲ. ಎಳೆಯ ಮಗುವಿನ ತಲೆ ದೊಡ್ಡದು, ತೋಳು ಗಿಡ್ಡ. ಆರರ ಆಸುಪಾಸಿನಲ್ಲಿ ತೋಳು ಉದ್ದವಾಗಿ ಕಿವಿಗೆ ಎಟುಕುತ್ತದೆ. ದೇಹದ ಬೆಳವಣಿಗೆಯಿಂದ ವಯಸ್ಸನ್ನು ಅಳೆಯುವ ಪ್ರಯತ್ನವೇ ಇದು. ಕಿವಿ ಎಟುಕಿದ ಮಗುವಿಗೆ ಮೇಷ್ಟರು ಅಂದಾಜಿನ ಇಸವಿ ಬರೆದು, ಶಾಲೆ ತೆರೆಯುವ ಜೂನ್ ತಿಂಗಳ ಒಂದನೇ ತಾರೀಖನ್ನು ಅದರ ಮುಂದೆ ಸೇರಿಸಿಬಿಡುತ್ತಿದ್ದರು. ಕರ್ನಾಟಕದ ಯಾವ ಕಚೇರಿಯ ಸೇವಾ ಪುಸ್ತಕಗಳನ್ನು ತೆರೆದರೂ ಜೂನ್ ಒಂದರಂದು ಹುಟ್ಟಿದವರು ಧಾರಾಳವಾಗಿ ಸಿಗುವುದಕ್ಕೆ ಕಾರಣ ಇದೇ.

ಹೀಗೆ ಅಂದಾಜಿನಲ್ಲಿ ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಏರಿ, ಅಲ್ಲಿಂದ ನೌಕರಿಗೆ ಹೋಗಿ, ನಿವೃತ್ತಿಯವರೆಗೂ ಬೆನ್ನು ಬಿಡುತ್ತಿರಲಿಲ್ಲ. ಬೇಗ ಶಾಲೆಗೆ ಸೇರಲೆಂದು ಒಂದು ವರ್ಷ ಹೆಚ್ಚಿಗೆ ಬರೆಸಿಕೊಂಡವರು ನಿವೃತ್ತಿ ಹತ್ತಿರ ಬಂದಾಗ ಆ ವರ್ಷವನ್ನು ವಾಪಸು ಕೇಳತೊಡಗಿದರು. ನಿಜವಾಗಿ ತಪ್ಪು ಬರೆಸಿದವರ ಜೊತೆಗೆ, ಸೇವೆಯನ್ನು ಸುಮ್ಮನೆ ಉದ್ದ ಮಾಡಿಕೊಳ್ಳಲು ಬಯಸಿದವರೂ ಅರ್ಜಿ ಹಿಡಿದು ಬಂದರು. ಕೊನೆಗೆ ರಾಜ್ಯ ಸರ್ಕಾರ ತನ್ನ ನೌಕರರ ವಯಸ್ಸು ನಿರ್ಧಾರಕ್ಕೆಂದೇ 1974ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿ, ಸೇವಾ ದಾಖಲೆಯಲ್ಲಿನ ವಯಸ್ಸನ್ನು ಮನಬಂದಂತೆ ತಿದ್ದದಂತೆ ಕಡಿವಾಣ ಹಾಕಬೇಕಾಯಿತು. ವಯಸ್ಸು ಕಾಗದದ ಮೇಲೆ ಹಿಗ್ಗುವ, ಕುಗ್ಗುವ ವಸ್ತು ಎಂಬ ಅರಿವು ನಮ್ಮ ಸಮಾಜಕ್ಕೆ ಬಂದದ್ದು ಮೈದಾನದಿಂದಲ್ಲ, ಕಚೇರಿಯಿಂದ.

ಅಮೆರಿಕದ ಕೆಂಪು ಅಂಗಿ

ಇದೇ ಆಟ ಅಮೆರಿಕದಲ್ಲಿ ಬೇರೆ ರೂಪ ತಾಳಿದೆ. ಅಲ್ಲಿ ಹುಟ್ಟಿದ ದಿನವನ್ನು ತಿದ್ದುವುದು ಕಷ್ಟ. ಆದರೆ ಮಗು ಯಾವ ತರಗತಿಯಲ್ಲಿದೆ ಎಂಬುದನ್ನು ಬದಲಿಸಬಹುದು. ಶಾಲಾ ತಂಡಗಳೂ ಎಷ್ಟೋ ಪಂದ್ಯಾವಳಿಗಳೂ ತರಗತಿಯ ಲೆಕ್ಕದಲ್ಲೇ ನಡೆಯುತ್ತವೆ. ಆದ್ದರಿಂದ ಓದಿನಲ್ಲಿ ಹಿಂದೆ ಬೀಳದ ಹುಡುಗನನ್ನೂ ಏಳನೆಯ ಅಥವಾ ಎಂಟನೆಯ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಿದರೆ, ಪ್ರೌಢಶಾಲೆಗೆ ಹೋಗುವ ಹೊತ್ತಿಗೆ ಅವನು ಸಹಪಾಠಿಗಳಿಗಿಂತ ಎತ್ತರವಾಗಿ, ಬಲವಾಗಿ ಇರುತ್ತಾನೆ. ಕಾಲೇಜು ತಂಡಗಳ ಕಣ್ಣಿಗೆ ಬಿದ್ದು ವಿದ್ಯಾರ್ಥಿವೇತನ ಗಿಟ್ಟಿಸುವ ಸಂಭವವೂ ಹೆಚ್ಚು ಎಂಬುದು ತಂದೆತಾಯಿಯರ ಲೆಕ್ಕಾಚಾರ. ಟೆಕ್ಸಾಸ್ ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ ಇದಕ್ಕೆ ತಡೆ ಹಾಕಿದೆ. ಕ್ರೀಡೆಯ ಸಲುವಾಗಿ ಏಳು ಅಥವಾ ಎಂಟನೆಯ ತರಗತಿಯಲ್ಲಿ ಹಿಂದೆ ಉಳಿದ ವಿದ್ಯಾರ್ಥಿ ಪ್ರೌಢಶಾಲೆಯ ನಾಲ್ಕನೆಯ ವರ್ಷ ಆಡುವಂತಿಲ್ಲ.

ಈ ಪದ್ಧತಿಗೆ ಅಲ್ಲಿನ ಹೆಸರು ರೆಡ್‌ಶರ್ಟ್, ಅಂದರೆ ಕೆಂಪು ಅಂಗಿ. 1937ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದ ವಾರನ್ ಆಲ್ಫ್‌ಸನ್ ಎಂಬ ಫುಟ್‌ಬಾಲ್ ಆಟಗಾರ ಆ ವರ್ಷ ಪಂದ್ಯ ಆಡದೆ ಅಭ್ಯಾಸ ಮಾತ್ರ ಮಾಡಲು ಅನುಮತಿ ಕೇಳಿದನೆಂದೂ, ಅಭ್ಯಾಸದಲ್ಲಿ ಕೆಂಪು ಅಂಗಿ ತೊಡುತ್ತಿದ್ದನೆಂದೂ, ಹೆಸರು ಅದರಿಂದಲೇ ಬಂತೆಂದೂ ಹೇಳುತ್ತಾರೆ. ಕಾಲೇಜು ಆಟಗಾರರ ಈ ಉಪಾಯ ಮುಂದೆ ಶಿಶುವಿಹಾರದವರೆಗೂ ಇಳಿಯಿತು.

ಕರ್ನಾಟಕದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. ಅದುವರೆಗೆ 5 ವರ್ಷ 5 ತಿಂಗಳಾಗಿದ್ದರೆ ಸಾಕಿತ್ತು. ಈಗಾಗಲೇ ಎಲ್‌ಕೆಜಿ, ಯುಕೆಜಿಗೆ ಸೇರಿದ್ದ ಮಕ್ಕಳು ಕೆಲವೇ ದಿನಗಳ ಅಂತರದಲ್ಲಿ ಒಂದು ವರ್ಷ ಕಳೆದುಕೊಳ್ಳುತ್ತಾರೆಂದು ತಂದೆತಾಯಿಯರು ಹುಯಿಲೆಬ್ಬಿಸಿದರು. ಆದೇಶದ ಜಾರಿ 2025-26ಕ್ಕೆ ಮುಂದೆ ಹೋಯಿತು; ಆ ವರ್ಷ ಬಂದಾಗ, 2025ರ ಏಪ್ರಿಲ್‌ನಲ್ಲಿ, ಆ ಒಂದು ಸಾಲಿಗೆ ಮತ್ತೆ ಸಡಿಲಿಕೆ ಕೊಡಲಾಯಿತು. ಅಮೆರಿಕದ ತಂದೆ ಲಾಭವೆಂದು ಎಣಿಸುವ ವರ್ಷ ಇಲ್ಲಿನ ತಂದೆಗೆ ನಷ್ಟ. ಓದು ಮುಗಿಸಿ ಬೇಗ ಸಂಪಾದನೆಗೆ ನಿಲ್ಲಬೇಕಾದ ಮನೆಗಳಲ್ಲಿ ಇನ್ನೊಂದು ವರ್ಷದ ಫೀಸೂ ಭಾರ, ಕಾಯುವುದೂ ಭಾರ.

ಕಾಗದದ ಮೇಲಿನ ಎರಡು ವರ್ಷ

ಹಾಗಾದರೆ ನಮ್ಮ ಮೈದಾನಗಳಲ್ಲಿ ಈ ಸಮಸ್ಯೆಯೇ ಇಲ್ಲವೆ? ಇದೆ, ಇನ್ನೂ ತೀವ್ರವಾಗಿಯೇ ಇದೆ. ಇಲ್ಲಿ ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲೇರುವುದು 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂಬ ಲೆಕ್ಕದಲ್ಲಿ. ಕ್ರಿಕೆಟ್ ಮಂಡಳಿಯ ಕಿರಿಯರ ಪಂದ್ಯಗಳಿಗೆ ಸೆಪ್ಟೆಂಬರ್ 1 ಗಡಿ. ಟೆನಿಸ್, ಬ್ಯಾಡ್ಮಿಂಟನ್‌ಗಳಿಗೆ ಜನವರಿ 1. ತರಗತಿ ಬದಲಿಸಿ ಪ್ರಯೋಜನವಿಲ್ಲದಿರುವುದರಿಂದ ಇಲ್ಲಿ ಬದಲಾಗುವುದು ಜನ್ಮದಿನಾಂಕ. ತಡವಾಗಿ ಮಾಡಿಸಿದ ನೋಂದಣಿ, ಊರು ಬದಲಿಸಿದಾಗ ಹೊಸ ಶಾಲೆಯಲ್ಲಿ ಬರೆಸಿದ ಹೊಸ ತಾರೀಖು, ಎರಡು ಕಡೆ ಎರಡು ಜನನ ಪ್ರಮಾಣಪತ್ರ, ಇವು ದೇಶದ ಎಲ್ಲ ಕ್ರೀಡೆಗಳಿಗೂ ಅಂಟಿದ ರೋಗಗಳು. ಅಂದಾಜಿನ ತಾರೀಖನ್ನು ನೂರು ವರ್ಷ ಸಹಿಸಿಕೊಂಡು ಬಂದ ಸಮಾಜಕ್ಕೆ ಅನುಕೂಲದ ತಾರೀಖು ದೊಡ್ಡ ಪಾಪವಾಗಿ ಕಾಣಲಿಲ್ಲ.

ಪಾಪವೆಂದು ಎತ್ತಿ ಹೇಳಿದವರಲ್ಲಿ ಬೆಂಗಳೂರಿನಲ್ಲೇ ಆಡಿ ಬೆಳೆದ ರಾಹುಲ್ ದ್ರಾವಿಡ್ ಪ್ರಮುಖರು. 2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡಿದಾಗ ಅವರು ಈ ವಿಷಯವನ್ನೇ ಮುಂದಿಟ್ಟರು. ಸ್ಥಳೀಯ ಪಂದ್ಯಾವಳಿಯೊಂದಕ್ಕಾಗಿ ಕೋಚ್ ಹುಡುಗನ ವಯಸ್ಸು ತಿದ್ದುವಲ್ಲಿ ಇದು ಶುರುವಾಗುತ್ತದೆ, ತಂದೆತಾಯಿ ಒಪ್ಪಿಕೊಳ್ಳುತ್ತಾರೆ, ಶಾಲೆಯೂ ಕೈಜೋಡಿಸಬಹುದು. ಹೀಗೆ ದೊಡ್ಡವರೇ ಮಗುವಿಗೆ ಸುಳ್ಳು ಹೇಳಿಕೊಡುತ್ತಾರೆ ಎಂಬುದು ಅವರ ಮಾತಿನ ಸಾರ. ವಯಸ್ಸು ಮುಚ್ಚಿಟ್ಟವನು ಗೆಲ್ಲುವುದು ಪ್ರತಿಭೆಯಿಂದಲ್ಲ, ಗಾತ್ರದಿಂದ. ಅವನಿಂದಾಗಿ ಪ್ರಾಮಾಣಿಕ ಹುಡುಗನೊಬ್ಬ ತಂಡದಿಂದ ಹೊರಗುಳಿಯುತ್ತಾನೆ ಎಂದೂ ಅವರು ಎಚ್ಚರಿಸಿದರು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. 2001ರಲ್ಲಿ ಅಮೆರಿಕದ ಬಾಲಕರ ಬೇಸ್‌ಬಾಲ್ ಸರಣಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ತಂಡದ ಎಸೆತಗಾರನೊಬ್ಬ ಎಲ್ಲರನ್ನೂ ಬೆರಗುಗೊಳಿಸಿದ್ದ. ಹನ್ನೆರಡರ ಹುಡುಗನೆಂದು ಆಡಿದ ಅವನಿಗೆ ನಿಜವಾಗಿ 14 ವರ್ಷವೆಂದು ಆಮೇಲೆ ತಿಳಿಯಿತು. ತಂಡದ ಗೆಲುವುಗಳೆಲ್ಲ ರದ್ದಾದವು.

ಮೂಳೆಯ ಸಾಕ್ಷಿ

ಕಾಗದವನ್ನು ನಂಬುವಂತಿಲ್ಲವೆಂದಾಗ ಕ್ರೀಡಾ ಸಂಸ್ಥೆಗಳು ಮತ್ತೆ ದೇಹದ ಕಡೆಗೇ ತಿರುಗಿದವು. ಬ್ರಿಟನ್ನಿನ ವೈದ್ಯ ಜೇಮ್ಸ್ ಟ್ಯಾನರ್ ಮತ್ತು ಅವರ ಜೊತೆಗಾರ ವೈಟ್‌ಹೌಸ್ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಅಭ್ಯಸಿಸಿ, ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ಬಲಿತವನ್ನು ಅಂಕಗಳಲ್ಲಿ ಎಣಿಸುವ ಕ್ರಮವನ್ನು ರೂಪಿಸಿದ್ದರು. ಅದರ ಮೂರನೆಯ ಪರಿಷ್ಕರಣೆ, 2001ರ ಟಿಡಬ್ಲ್ಯು-3, ಭಾರತದ ಕ್ರಿಕೆಟ್ ಮಂಡಳಿ 16 ವರ್ಷದೊಳಗಿನ ಹುಡುಗರಿಗೆ ಬಳಸುವ ಪರೀಕ್ಷೆ. ಫುಟ್‌ಬಾಲಿನ ಅಂತರರಾಷ್ಟ್ರೀಯ ಸಂಸ್ಥೆ ಫಿಫಾ 2009ರಲ್ಲಿ ನೈಜೀರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆಯನ್ನು ಜಾರಿಗೆ ತಂದಿತು. ಮಣಿಕಟ್ಟಿನ ಬಳಿ ಮೂಳೆಯ ತುದಿ ಪೂರ್ತಿ ಕೂಡಿಕೊಂಡಿದ್ದರೆ ಹುಡುಗ 17 ದಾಟಿರುವ ಸಂಭವವೇ ಹೆಚ್ಚು.

ಒಂದು ರೀತಿಯಲ್ಲಿ ಇದು ಹಳ್ಳಿ ಮೇಷ್ಟರ ಕಿವಿ ಮುಟ್ಟುವ ಪರೀಕ್ಷೆಯ ಮುಂದುವರಿಕೆ. ಅದರ ಮಿತಿಯೂ ಇದಕ್ಕಿದೆ. ಮೂಳೆ ಹೇಳುವುದು ದೇಹ ಎಷ್ಟು ಬಲಿತಿದೆ ಎಂಬುದನ್ನು; ಮಗು ಯಾವ ದಿನ ಹುಟ್ಟಿತು ಎಂಬುದನ್ನಲ್ಲ. ಒಂದೇ ದಿನ ಹುಟ್ಟಿದ ಆರೋಗ್ಯವಂತ ಮಕ್ಕಳಿಬ್ಬರ ಮೂಳೆಯ ವಯಸ್ಸಿನಲ್ಲಿ ಒಂದೆರಡು ವರ್ಷದ ವ್ಯತ್ಯಾಸ ಇರಬಹುದು. ಬೇಗ ಬಲಿತ ಪ್ರಾಮಾಣಿಕ ಹುಡುಗ ಅನುಮಾನಕ್ಕೆ ಗುರಿಯಾಗಬಹುದು. ನಿಧಾನವಾಗಿ ಬಲಿಯುವ ಸುಳ್ಳುಗಾರ ಪಾರಾಗಬಹುದು. ಆರೋಪ ಹೊತ್ತವರ ಕಷ್ಟವೂ ಸಣ್ಣದಲ್ಲ. ಬೆಂಗಳೂರಿನಲ್ಲಿ ತರಬೇತಿ ಪಡೆದ ಹೆಸರಾಂತ ಬ್ಯಾಡ್ಮಿಂಟನ್ ಆಟಗಾರರೊಬ್ಬರ ಮೇಲೆ ವಯಸ್ಸಿನ ವಿಷಯವಾಗಿ 2022ರಲ್ಲಿ ದಾಖಲಾದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು ರದ್ದುಪಡಿಸಿದ್ದು 2025ರ ಜುಲೈಯಲ್ಲಿ.

ಆದ್ದರಿಂದ ಪರೀಕ್ಷೆಯ ಜೊತೆಗೆ ಬೇರೆ ದಾರಿಗಳನ್ನೂ ಹುಡುಕಲಾಗಿದೆ. ಕ್ರಿಕೆಟ್ ಮಂಡಳಿ 2020ರಲ್ಲಿ, ಸುಳ್ಳು ವಯಸ್ಸು ಕೊಟ್ಟವರು ತಾವಾಗಿ ಒಪ್ಪಿಕೊಂಡರೆ ಶಿಕ್ಷೆಯಿಲ್ಲ, ಆಮೇಲೆ ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ ಎಂದು ಪ್ರಕಟಿಸಿತು. ಕೇಂದ್ರ ಕ್ರೀಡಾ ಸಚಿವಾಲಯ ವಯೋವಂಚನೆ ತಡೆಯುವ ತನ್ನ ಹಳೆಯ ಸಂಹಿತೆಯನ್ನು ಪರಿಷ್ಕರಿಸಲು 2025ರ ಮಾರ್ಚ್‌ನಲ್ಲಿ ಕರಡು ಹೊರಡಿಸಿತು. ಇವೆಲ್ಲಕ್ಕಿಂತ ದೂರಗಾಮಿಯಾದದ್ದು ಜನನ ನೋಂದಣಿ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿ. ಅದು ಜಾರಿಗೆ ಬಂದ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ನೌಕರಿ ಎಲ್ಲಕ್ಕೂ ಹುಟ್ಟಿದ ದಿನದ ಆಧಾರ ಜನನ ಪ್ರಮಾಣಪತ್ರವೇ.

ನ್ಯಾಯವಾದ ಗಡಿಯಲ್ಲೂ ಅನ್ಯಾಯ

ಎಲ್ಲರ ತಾರೀಖೂ ಸರಿಯಾದರೆ ಸಮಸ್ಯೆ ಮುಗಿಯುವುದೆ? ಪೂರ್ತಿ ಮುಗಿಯುವುದಿಲ್ಲ. 1980ರ ದಶಕದಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಜೊತೆಗಾರರು ಅಲ್ಲಿನ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಎಣಿಸಿ 1985ರಲ್ಲಿ ಪ್ರಬಂಧ ಪ್ರಕಟಿಸಿದರು. ಒಳ್ಳೆಯ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿದ್ದರು. ಅಲ್ಲಿ ವಯಸ್ಸಿನ ಗಡಿ ಜನವರಿ 1. ಜನವರಿಯಲ್ಲಿ ಹುಟ್ಟಿದವನು ಅದೇ ವರ್ಷದ ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಹತ್ತರ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಬದುಕಿನ ಹತ್ತನೆಯ ಒಂದು ಪಾಲು. ಎತ್ತರದವನನ್ನು ಕೋಚ್ ಆರಿಸುತ್ತಾನೆ. ಆರಿಸಿಕೊಂಡವನಿಗೆ ಹೆಚ್ಚು ಅಭ್ಯಾಸ, ಹೆಚ್ಚು ಪಂದ್ಯ, ಒಳ್ಳೆಯ ಮಾರ್ಗದರ್ಶನ ಸಿಗುತ್ತದೆ. ಕೆಲವು ವರ್ಷಗಳಲ್ಲಿ ಅವನು ನಿಜವಾಗಿಯೇ ಉತ್ತಮ ಆಟಗಾರನಾಗುತ್ತಾನೆ. ಯಾರೂ ಮೋಸ ಮಾಡದಿದ್ದರೂ ತಾರೀಖು ತನ್ನ ಕೆಲಸ ಮಾಡಿರುತ್ತದೆ.

ಗಾತ್ರ ನೋಡಿ ಪ್ರತಿಭೆ ಅಳೆಯುವುದು ಎಷ್ಟು ಅಪಾಯವೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಕುಳ್ಳ ಆಳು. 1967ರಲ್ಲಿ ಮೈಸೂರು ತಂಡಕ್ಕೆ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಎದುರು 230 ರನ್ ಹೊಡೆದರು. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟ್‌ನಲ್ಲಿ ಮೊದಲ ಇನಿಂಗ್ಸಿನ ಸೊನ್ನೆಯ ಬೆನ್ನಿಗೇ 137 ಬಾರಿಸಿದರು. ಅವರ ಆಟ ನಿಂತಿದ್ದು ಮಣಿಕಟ್ಟಿನ ಚಳಕದ ಮೇಲೆ, ಮೈಕಟ್ಟಿನ ಮೇಲಲ್ಲ. ಹದಿಮೂರರ ವಯಸ್ಸಿನ ಹುಡುಗರ ಸಾಲಿನಲ್ಲಿ ಹದಿನೈದರವರು ನಿಂತಾಗ ಮೊದಲು ಕಣ್ಣುತಪ್ಪಿ ಹೋಗುವುದು ಇಂಥ ಚಳಕವೇ.

ವಯಸ್ಸು ಇಳಿಸಿಕೊಂಡ ಹುಡುಗನಿಗೂ ಲಾಭ ಉಳಿಯುವುದು ಅಪರೂಪ. ಹದಿನೆಂಟು, ಹತ್ತೊಂಬತ್ತರ ಹೊತ್ತಿಗೆ ಉಳಿದವರ ಮೈಯೂ ಬಲಿತು ಸಮಸಮನಾಗುತ್ತದೆ. ಅಷ್ಟು ದಿನ ಗಾತ್ರದ ಬಲದಿಂದ ಗೆದ್ದವನಿಗೆ ಆಟದ ಸೂಕ್ಷ್ಮ ಕಲಿಯುವ ಅಗತ್ಯವೇ ಬಿದ್ದಿರುವುದಿಲ್ಲ. ಜೊತೆಗೆ ಶಾಲೆಯಲ್ಲಿ ಒಂದು ತಾರೀಖು, ಮೈದಾನದಲ್ಲಿ ಇನ್ನೊಂದು. ಪಾಸ್‌ಪೋರ್ಟ್, ನೌಕರಿ ಎಂದು ಹೋದಲ್ಲೆಲ್ಲ ಆ ಎರಡನ್ನು ಹೊಂದಿಸುವ ಪಾಡು ಅವನಿಗೇ. ತಾರೀಖು ತಿದ್ದಿಸಿದ ದೊಡ್ಡವರು ಆಗ ಪಕ್ಕದಲ್ಲಿ ಇರುವುದಿಲ್ಲ.

ಕೆಲವು ದೇಶಗಳಲ್ಲಿ ಮಕ್ಕಳನ್ನು ವಯಸ್ಸಿನ ಬದಲು ಬೆಳವಣಿಗೆಯ ಹಂತದ ಪ್ರಕಾರ ಗುಂಪು ಮಾಡಿ ಆಡಿಸುವ ಪ್ರಯೋಗಗಳು ನಡೆದಿವೆ. ಆದರೆ ಯಾವ ವಿಧಾನ ಬಂದರೂ ಹತ್ತು, ಹನ್ನೆರಡು ವರ್ಷದವರ ಪಂದ್ಯದಲ್ಲಿ ಕಪ್ ಗೆಲ್ಲುವುದೇ ದೊಡ್ಡದಾಗಿರುವವರೆಗೆ ದೊಡ್ಡ ಹುಡುಗನಿಗೇ ಬೆಲೆ. ಆ ವಯಸ್ಸಿನಲ್ಲಿ ಕೋಚ್‌ನನ್ನು ಅಳೆಯಬೇಕಾದುದು ಅವನು ಗೆದ್ದ ಕಪ್‌ಗಳಿಂದಲ್ಲ. ಅವನ ಕೈಯಲ್ಲಿ ಕಲಿತ ಸಣ್ಣ ಹುಡುಗರಲ್ಲಿ ಎಷ್ಟು ಜನ ಹದಿನೆಂಟರಲ್ಲೂ ಇನ್ನೂ ಆಡುತ್ತಿದ್ದಾರೆ ಎಂಬ ಲೆಕ್ಕದಿಂದ.